ಗಂಟು ಎಣಿಸಿದರೆ ಸಾಲದು, ಸೀಳಿ ನೋಡಬೇಕು

ಬೇರು ತೊಳೆದು ಗಂಟು ನೋಡುವುದು ನನ್ನ ಕೆಲಸ. ಈಗ ಕೈಯಲ್ಲಿರುವುದು ಬಿಸೆರುಲಾ, ಪಶ್ಚಿಮ ಆಸ್ಟ್ರೇಲಿಯಾದ ಕುರಿಗಳಿಗೆ ಮೇವಾಗುವ ದ್ವಿದಳ ಗಿಡ. ಇದರ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಬಯಲು. ಚಪ್ಪಟೆ ಕಾಯಿ, ಎರಡೂ ಅಂಚಿಗೆ ಗರಗಸದ ಹಲ್ಲು, ಸಾಸಿವೆಗಿಂತ ಸಣ್ಣ ಬೀಜ. ಮೊರಾಕೊ ಮೂಲದ ಕಾಸ್ಬಾ ತಳಿ ಇಲ್ಲಿ ಬಿಡುಗಡೆಯಾದದ್ದು 1997ರಲ್ಲಿ.

ಬೇರಿನಲ್ಲಿ ಗಂಟು ಕಟ್ಟಿಸಿ, ಗಿಡದ ಸಕ್ಕರೆ ತಿಂದು, ಬದಲಿಗೆ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ ರೈಜೋಬಿಯಂ. ಅದರ ವಿಷಯದಲ್ಲಿ ಬಿಸೆರುಲಾಗೆ ಭಾರೀ ಮಡಿ. ಕ್ಲೋವರ್ ಎಂಬ ಇನ್ನೊಂದು ಮೇವಿನ ಗಿಡಕ್ಕೆ ಒಗ್ಗುವ ಬ್ಯಾಕ್ಟೀರಿಯಾ ಇದಕ್ಕಾಗದು. ಇಲ್ಲಿನ ಮಣ್ಣಿನಲ್ಲಿ ಹೊಂದುವಂಥದ್ದು ಇರಲಿಲ್ಲ. ಹಾಗಾಗಿ 1993ರಲ್ಲಿ ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಸಿಕ್ಕ ಡಬ್ಲ್ಯುಎಸ್‌ಎಂ 1271 ಎಂಬ ಮೀಸೋರೈಜೋಬಿಯಂ (ರೈಜೋಬಿಯಂ ಬಳಗದ್ದೇ) ತಳಿಯನ್ನು ಹಚ್ಚಿ, 1994ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ನಾರ್ಥಮ್‌ನ ಒಂದು ತಾಕಿನಲ್ಲಿ ಬೀಜ ಬಿತ್ತಿದರು. ನಮ್ಮ ಕಡೆ ತೊಗರಿ ಬೀಜಕ್ಕೆ ಬೆಲ್ಲದ ನೀರಿನಲ್ಲಿ ಕಲಸಿ ಹಚ್ಚುತ್ತಾರಲ್ಲ, ಕೆಲಸ ಅದೇ.

ಆರು ವರ್ಷದ ಮೇಲೆ ಅದೇ ತಾಕಿನ ಗಂಟುಗಳಲ್ಲಿ ಯಾರೂ ಹಚ್ಚದ ಬ್ಯಾಕ್ಟೀರಿಯಾಗಳೂ ಸಿಕ್ಕವು. ಅವು ಬೇರೆ ಮೀಸೋರೈಜೋಬಿಯಂಗಳು. ಸಾರ್ಡಿನಿಯಾದ ತಳಿಯಿಂದ ಡಿಎನ್‌ಎಯ ಒಂದು ದೊಡ್ಡ ತುಂಡನ್ನೇ, ಗಂಟು ಕಟ್ಟಿಸುವ ಜೀನ್‌ಗಳ ಸಮೇತ, ಪಡೆದುಕೊಂಡಿದ್ದವು. ಗಂಟು ಕಟ್ಟಿಸುವುದು ಬಂತು, ಸಾರಜನಕ ಕೊಡುವುದು ಸರಿಯಾಗಿ ಬರಲಿಲ್ಲ. ಗಿಡದ ಸಕ್ಕರೆ ಮಾತ್ರ ತಪ್ಪದೆ ತಿನ್ನುತ್ತವೆ. ಪಂಕ್ತಿಯಲ್ಲಿ ಉಂಡು, ಬಡಿಸುವ ಸರದಿ ಬಂದಾಗ ಎದ್ದು ಹೋಗುವ ನೆಂಟರ ಹಾಗೆ.

ಕೆಲಸಕ್ಕೆ ಹೊಸದಾಗಿ ಬಂದವರು ಗಂಟು ಎಣಿಸಿ ಖುಷಿಯಾಗಿಬಿಡುತ್ತಾರೆ. ಅವರಿಗೆ ನಾನು ಮೂರು ಕುಂಡ ತೋರಿಸುತ್ತೇನೆ, ಮೂರರಲ್ಲೂ ಸಾರಜನಕ ಹಾಕದ ಮರಳು. ಒಂದಕ್ಕೆ ಬ್ಯಾಕ್ಟೀರಿಯಾ ಇಲ್ಲ, ಇನ್ನೊಂದಕ್ಕೆ ಸಾರ್ಡಿನಿಯಾದ ಮೂಲ ತಳಿ, ಮೂರನೆಯದಕ್ಕೆ ಈ ಹೊಸಬರು. ಮೂರನೆಯದರ ಬೇರಿನಲ್ಲಿ ಗಂಟುಗಳಿಗೇನೂ ಬರವಿಲ್ಲ, ಆದರೆ ಎಲೆ ಮೊದಲನೆಯದರಷ್ಟೇ ಹಳದಿ. ಬ್ಲೇಡಿನಿಂದ ಗಂಟನ್ನು ಉದ್ದಕ್ಕೆ ಸೀಳಿದರೆ ಒಳಗೆ ಬಿಳಿ. ಮೂಲ ತಳಿಯ ಗಂಟು ಗುಲಾಬಿ. ಲೆಗ್‌ಹಿಮೋಗ್ಲೋಬಿನ್ ಎಂಬ, ಆಮ್ಲಜನಕ ಹೊರುವ ಪ್ರೋಟೀನ್ ಕೊಡುವ ಬಣ್ಣ ಅದು. ಸಾರಜನಕ ಹಿಡಿಯುವ ನೈಟ್ರೋಜಿನೇಸ್ ಕಿಣ್ವಕ್ಕೆ ಆಮ್ಲಜನಕ ಹೆಚ್ಚಾದರೆ ಆಗುವುದಿಲ್ಲ, ಬ್ಯಾಕ್ಟೀರಿಯಾದ ಉಸಿರಾಟಕ್ಕೆ ಬೇಕಾದಷ್ಟನ್ನೇ ಈ ಪ್ರೋಟೀನ್ ಸಾಗಿಸುತ್ತದೆ.

ಹಾಗಾಗಿ ನಮ್ಮ ವರದಿಯಲ್ಲಿ ಗಿಡದ ಒಣತೂಕ ಮೊದಲ ಕಾಲಂ, ಗಂಟಿನ ಬಣ್ಣ ಎರಡನೆಯದು, ಎಣಿಕೆ ಕೊನೆಗೆ. ಎಣಿಕೆಯನ್ನೇ ತೆಗೆದುಬಿಡಬಹುದೆಂದು ನನ್ನ ಅಭಿಪ್ರಾಯ, ಆದರೆ ಓದುವವರು ಕೇಳುತ್ತಾರೆ.

ಹೊಲದಲ್ಲಿ ಬಣ್ಣ ನೋಡುವುದಿದ್ದರೆ ಹೂ ಬಿಡುವ ಮುಂಚೆಯೇ ಗಿಡ ಅಗೆಯಬೇಕು, ಕೀಳಬಾರದು. ಕಿತ್ತರೆ ಗಂಟು ಮಣ್ಣಲ್ಲೇ ಉಳಿಯುತ್ತದೆ. ಕಾಯಿ ಬಲಿತ ಮೇಲೆ ಒಳ್ಳೆಯ ಗಂಟೂ ಹಸಿರು, ಕಂದು ಆಗುತ್ತದೆ. ಆಗ ಬಣ್ಣ ನೋಡಿ ಯಾವ ತಳಿಯ ಮೇಲೂ ತೀರ್ಪು ಕೊಡಲಾಗದು.