ಚೇಸ್ ಕೌಂಟಿಗೆ ಹೋಗುವುದಾದರೆ ಶುಕ್ರವಾರವೇ ಹೊರಡಿ

ಕಾನ್ಸಾಸ್ ಸಿಟಿ, ವಿಚಿಟಾ ಕಡೆ ಇರುವ ನಮ್ಮವರು ವಾರಾಂತ್ಯಕ್ಕೆ ಎಲ್ಲಿಗೆ ಹೋಗೋದು ಅಂತ ಕೇಳಿದಾಗೆಲ್ಲ ನಾನು ಹೇಳೋದು ಒಂದೇ ಹೆಸರು, ಕಾನ್ಸಾಸ್ ರಾಜ್ಯದ ಚೇಸ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ). ಇಡೀ ಕೌಂಟಿಯಲ್ಲಿ ಇರೋದು ಸುಮಾರು 2,500 ಜನ. ಹುಲ್ಲುಗಾವಲು, ದನ, ಸುಣ್ಣಕಲ್ಲಿನ ಹಳೆಯ ಕಟ್ಟಡಗಳು. ಅಷ್ಟೇ. ಆದರೆ ಆ ಕಟ್ಟಡಗಳನ್ನು ಅವರು ಉಳಿಸಿಕೊಂಡಿರುವ ರೀತಿ ನೋಡಬೇಕು. ಬೀಗ ಹಾಕಿ, ಸುತ್ತ ಹಗ್ಗ ಕಟ್ಟಿ ಉಳಿಸಿಲ್ಲ. ಬಳಸುತ್ತಾ ಉಳಿಸಿದ್ದಾರೆ. ಹಾಗಾಗಿ ನಿಮ್ಮ ಪ್ಲಾನ್ ಕೂಡ ಅವರ ಕೆಲಸದ ವೇಳೆಗೆ ಹೊಂದಬೇಕು.

ಬಹಳ ಜನ ಶನಿವಾರ ಬೆಳಿಗ್ಗೆ ಹೊರಟು ಸಂಜೆ ವಾಪಸ್ ಬರ್ತಾರೆ. ಹಾಗೆ ಮಾಡಿದರೆ ಮುಖ್ಯವಾದ ಕಟ್ಟಡದ ಒಳಗೆ ಹೋಗೋಕೇ ಆಗಲ್ಲ. ಕೋರ್ಟ್ ಹೌಸ್ ತೆರೆದಿರೋದು ವಾರದ ದಿನಗಳಲ್ಲಿ, ಆಫೀಸ್ ವೇಳೆಯಲ್ಲಿ. ಹಳೆಯ ಒಂದು ಕೋಣೆಯ ಶಾಲೆ ಅದಕ್ಕೆ ತದ್ವಿರುದ್ಧ, ಬೆಚ್ಚಗಿನ ತಿಂಗಳುಗಳಲ್ಲಿ ವಾರಾಂತ್ಯದ ಮಧ್ಯಾಹ್ನ ಮಾತ್ರ ತೆರೆಯುತ್ತದೆ. ಎರಡೂ ನೋಡಬೇಕು ಅಂದರೆ ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಅಲ್ಲಿರಿ, ರಾತ್ರಿ ಉಳಿದುಕೊಳ್ಳಿ, ಶನಿವಾರ ಮಿಕ್ಕಿದ್ದು ನೋಡಿ. ಅರ್ಧ ದಿನ ರಜೆ ಹಾಕಿದರೂ ಖಂಡಿತ ಸಾರ್ಥಕ.

ದಾರಿ ಸುಲಭ. ಕಾನ್ಸಾಸ್ ಸಿಟಿಯಿಂದ ಐ-35 ಹಿಡಿದು ಎಂಪೋರಿಯಾ, ಅಲ್ಲಿಂದ ಯುಎಸ್-50ರಲ್ಲಿ ಪಶ್ಚಿಮಕ್ಕೆ ಸುಮಾರು 20 ಮೈಲಿ ಹೋದರೆ ಸ್ಟ್ರಾಂಗ್ ಸಿಟಿ. ಒಟ್ಟು ಎರಡು ಗಂಟೆ ಚಿಲ್ಲರೆ. ವಿಚಿಟಾ ಕಡೆಯಿಂದ ಬರುವವರು ಕಾನ್ಸಾಸ್ ಟರ್ನ್‌ಪೈಕ್‌ನಲ್ಲಿ ಬಂದು ಕ್ಯಾಸಡೇ ಹತ್ತಿರ ಇಳಿದು ಕೆ-177 ಹಿಡಿಯಿರಿ. ಸ್ವಲ್ಪ ಹೊತ್ತು ಜಾಸ್ತಿ ಆಗಬಹುದು, ಆದರೆ ಈ ರಸ್ತೆ ಬಿಡಬೇಡಿ. ಕ್ಯಾಸಡೇಯಿಂದ ಕೌನ್ಸಿಲ್ ಗ್ರೋವ್ ತನಕ ಸುಮಾರು 47 ಮೈಲಿ, ಎರಡೂ ಕಡೆ ಗುಡ್ಡ, ಹುಲ್ಲು, ಆಕಾಶ. ಟರ್ನ್‌ಪೈಕ್‌ನಲ್ಲಿ 2024ರಿಂದ ನಗದು ತೆಗೆದುಕೊಳ್ಳುವ ಬೂತ್‌ಗಳಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದಿ ಬಿಲ್ ಕಳಿಸುತ್ತದೆ. ಬಾಡಿಗೆ ಕಾರಾದರೆ ಟೋಲ್‌ಗೆ ಅವರು ಏನು ಚಾರ್ಜ್ ಮಾಡ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಪೆಟ್ರೋಲ್ ಎಂಪೋರಿಯಾದಲ್ಲೇ ತುಂಬಿಸಿ. ಫೋನ್ ಸಿಗ್ನಲ್ ನಂಬಬೇಡಿ, ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಸ್ಟ್ರಾಂಗ್ ಸಿಟಿಯಿಂದ ಎರಡು ಮೈಲಿ ದಕ್ಷಿಣಕ್ಕೆ ಕಾಟನ್‌ವುಡ್ ಫಾಲ್ಸ್, ಕೌಂಟಿಯ ಮುಖ್ಯ ಊರು. ಮುಖ್ಯ ಬೀದಿ ಬ್ರಾಡ್‌ವೇ, ಇವತ್ತಿಗೂ ಇಟ್ಟಿಗೆ ಹಾಸಿದ ರಸ್ತೆ. ಅದರ ತುದಿಯಲ್ಲಿ, ಬೀದಿಗೆ ಮುಖ ಮಾಡಿ ಕೋರ್ಟ್ ಹೌಸ್ ನಿಂತಿದೆ. 1873ರಲ್ಲಿ ಮುಗಿದ ಕಟ್ಟಡ. ಬಿಳಿ ಸುಣ್ಣಕಲ್ಲಿನ ಗೋಡೆ, ಮೇಲೆ ಕೆಂಪು ಫ್ರೆಂಚ್ ಶೈಲಿಯ ಮಾಡು, ಅದರ ಮೇಲೆ ಗಡಿಯಾರದ ಗೋಪುರ. ಕಟ್ಟಿಸಿದ ವಾಸ್ತುಶಿಲ್ಪಿ ಜಾನ್ ಹ್ಯಾಸ್ಕೆಲ್, ಟೊಪೀಕಾದ ರಾಜ್ಯ ಶಾಸನಸಭೆ ಕಟ್ಟಡದ ಕೆಲಸದಲ್ಲೂ ಇದ್ದವರು. ಕಾನ್ಸಾಸ್‌ನಲ್ಲಿ ಇನ್ನೂ ಕೋರ್ಟ್ ಆಗಿಯೇ ನಡೆಯುತ್ತಿರುವ ಕಟ್ಟಡಗಳಲ್ಲಿ ಇದೇ ಅತಿ ಹಳೆಯದು.

ಒಳಗೆ ಹೋದರೆ ಒಂದು ಕಡೆ ಕೌಂಟಿ ಆಫೀಸ್, ಜನ ಯಾವುದೋ ತೆರಿಗೆ ಕಟ್ಟೋಕೆ, ವಾಹನದ ಕಾಗದಕ್ಕೆ ಬಂದಿರ್ತಾರೆ. ಅದರ ಪಕ್ಕದಲ್ಲೇ ಆ ಮೆಟ್ಟಿಲು. ನದಿ ದಡದ ವಾಲ್ನಟ್ ಮರದಿಂದ ಮಾಡಿದ್ದು, ಸುರುಳಿಯಾಗಿ ಮೂರು ಅಂತಸ್ತು ಏರುತ್ತದೆ. ಪಕ್ಕದ ಕೈಹಿಡಿಕೆ ಮೇಲೆ ಕೈ ಇಟ್ಟುಕೊಂಡೇ ಹತ್ತಿ. ನೂರೈವತ್ತು ವರ್ಷ ಜನ ಹಿಡಿದು ಹಿಡಿದು ಮರ ಎಷ್ಟು ನುಣುಪಾಗಿದೆ ಅಂದರೆ ಎಲ್ಲೂ ಒಂದು ಅಂಚು ಕೈಗೆ ತಾಗಲ್ಲ, ಮೆಟ್ಟಿಲಂತೂ ಕಾಲಿಡುವ ಜಾಗದಲ್ಲಿ ಸ್ವಲ್ಪ ತಗ್ಗಾಗಿದೆ. ಮೇಲೆ ಹೋಗಿ ಕಿಟಕಿಯಿಂದ ನೋಡಿದರೆ ಇಡೀ ಬ್ರಾಡ್‌ವೇ ನೇರವಾಗಿ ಕೆಳಗೆ ಕಾಣುತ್ತದೆ. ಹಳೆಯ ಜೈಲಿನ ಕೋಣೆಯನ್ನೂ ನೋಡಬಹುದು. ಕೋರ್ಟ್ ಕಲಾಪ ಇದ್ದರೆ ಕಲಾಪ ನಡೆಯುವ ಕೋಣೆಗೆ ಬಿಡಲ್ಲ, ಸಹಜ ಅಲ್ವಾ. ಒಳಗೆ ಬಂದ ಕೂಡಲೇ ಆಫೀಸಿನಲ್ಲಿ ಒಂದು ಮಾತು ಕೇಳಿ ಮುಂದೆ ಹೋಗಿ, ಚೆನ್ನಾಗಿ ಮಾತಾಡಿಸ್ತಾರೆ.

ನನಗೆ ಇಡೀ ಪ್ರವಾಸದಲ್ಲಿ ತುಂಬಾ ಇಷ್ಟವಾದದ್ದು ಇದೇ. ಬೇರೆ ಊರುಗಳಲ್ಲಿ ಇಂಥ ಕಟ್ಟಡ ಹಳೆಯದಾಯಿತು ಅಂತ ಕೆಡವಿ, ಪಕ್ಕದಲ್ಲಿ ಪಾರ್ಕಿಂಗ್ ಇರುವ ಡಬ್ಬದಂಥ ಆಫೀಸ್ ಕಟ್ಟಿದ್ದಾರೆ. ಇಲ್ಲಿ ಕೆಲಸವನ್ನು ಹಳೆಯ ಕಟ್ಟಡದಲ್ಲೇ ಇಟ್ಟುಕೊಂಡರು. ಮಾಡು ಸೋರಿದರೆ ಅದೇ ವಾರ ಗೊತ್ತಾಗುತ್ತದೆ, ಯಾಕಂದರೆ ಕೆಳಗೆ ಯಾರೋ ಕೂತಿರ್ತಾರೆ.

ಇಲ್ಲೇ ಒಂದು ವಿಷಯ ಹೇಳಿಬಿಡ್ತೀನಿ, ಬಹಳ ಜನಕ್ಕೆ ಗೊಂದಲ ಇದೆ. ಅಮೆರಿಕದಲ್ಲಿ 1966ರ ಕಾನೂನಿನಿಂದ ಬಂದ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿ ಇದೆ. ಅದರಲ್ಲಿ ಹೆಸರು ಇದ್ದ ಮಾತ್ರಕ್ಕೆ ಆ ಜಾಗ ಸರ್ಕಾರದ್ದು ಅಂತಲ್ಲ, ನಾವು ಒಳಗೆ ಹೋಗಬಹುದು ಅಂತಲೂ ಅಲ್ಲ. ಬಾಡಿಗೆಗೆ ಕೊಡುವಂಥ ಅಥವಾ ವ್ಯಾಪಾರ ನಡೆಸುವ ಕಟ್ಟಡವನ್ನು ಸರಿಯಾದ ಕ್ರಮದಲ್ಲಿ ದುರಸ್ತಿ ಮಾಡಿದರೆ ಮಾಲೀಕರಿಗೆ ದುರಸ್ತಿ ಖರ್ಚಿನ 20%ರಷ್ಟು ತೆರಿಗೆಯಲ್ಲಿ ಕಡಿತ ಸಿಗುತ್ತದೆ. ಆದರೆ ತಮ್ಮದೇ ದುಡ್ಡಲ್ಲಿ ಏನು ಬೇಕಾದರೂ ಮಾಡ್ತೀನಿ ಅಂದರೆ ಈ ಪಟ್ಟಿ ತಡೆಯಲ್ಲ. ಹಾಗಾಗಿ ಪಟ್ಟಿ ಇಟ್ಟುಕೊಂಡು ಒಂದೊಂದೇ ವಿಳಾಸ ಹುಡುಕಿಕೊಂಡು ಹೋದರೆ ಯಾರದೋ ಮನೆ ಅಂಗಳದಲ್ಲಿ ನಿಂತಿರ್ತೀರಿ. ಖಾಸಗಿ ಮನೆಗಳನ್ನು ರಸ್ತೆಯಿಂದಲೇ ನೋಡಿ. ಬೇಲಿ ದಾಟಬೇಡಿ, ಗೇಟ್ ಮುಚ್ಚಿದ್ದರೆ ಮುಚ್ಚಿದ ಹಾಗೇ ಇರಲಿ. ದನ ಕಾಯುವ ಊರು, ಅಲ್ಲಿ ಗೇಟ್ ಅಂದರೆ ದೊಡ್ಡ ವಿಷಯ.

ರಾತ್ರಿ ಉಳಿಯೋಕೆ ಬ್ರಾಡ್‌ವೇಯಲ್ಲೇ 1884ರ ಹಳೆಯ ಹೋಟೆಲ್ ಕಟ್ಟಡ ಇದೆ, ಕೋಣೆಗಳು ಬೆರಳೆಣಿಕೆ. ಸಿಗದಿದ್ದರೆ ಎಂಪೋರಿಯಾಕ್ಕೆ ಹೋಗಿ, ಅಲ್ಲಿ ಮಾಮೂಲಿ ಹೋಟೆಲ್‌ಗಳು ಬೇಕಾದಷ್ಟಿವೆ. ಊಟದ ವಿಷಯಕ್ಕೆ ಸ್ವಲ್ಪ ಗಟ್ಟಿಯಾಗಿಯೇ ಹೇಳ್ತೀನಿ: ಸಸ್ಯಾಹಾರಿಗಳು ಕಟ್ಟಿಕೊಂಡು ಹೋಗಿ. ಇದು ದನದ ಮಾಂಸದ ಸೀಮೆ. ನಾವು ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಮೊಸರಿನ ಡಬ್ಬ ಇಟ್ಟುಕೊಂಡಿದ್ದರಿಂದ ಮಕ್ಕಳಿಗೂ ಅತ್ತೆ ಮಾವನವರಿಗೂ ತೊಂದರೆ ಆಗಲಿಲ್ಲ.

ಶನಿವಾರ ಬೆಳಿಗ್ಗೆ ಬೇಗ ಸ್ಟ್ರಾಂಗ್ ಸಿಟಿಯಿಂದ ಎರಡು ಮೈಲಿ ಉತ್ತರಕ್ಕೆ ಟಾಲ್‌ಗ್ರಾಸ್ ಪ್ರೇರಿ ನ್ಯಾಷನಲ್ ಪ್ರಿಸರ್ವ್. ಪ್ರವೇಶ ಉಚಿತ. ಸುಮಾರು 10,900 ಎಕರೆ. ಒಂದು ಕಾಲಕ್ಕೆ ಉತ್ತರ ಅಮೆರಿಕದ ನಡುವೆ 17 ಕೋಟಿ ಎಕರೆ ಇದ್ದ ಎತ್ತರದ ಹುಲ್ಲುಗಾವಲಿನಲ್ಲಿ ಈಗ ಉಳಿದಿರುವುದು 4%ಕ್ಕಿಂತ ಕಡಿಮೆ, ಅದರಲ್ಲಿ ಹೆಚ್ಚಿನ ಪಾಲು ಫ್ಲಿಂಟ್ ಹಿಲ್ಸ್ ಎಂಬ ಈ ಗುಡ್ಡಸೀಮೆಯಲ್ಲೇ. ಕಾರಣ ಕಲ್ಲು. ಮಣ್ಣು ತೆಳು, ಕೆಳಗೆ ಸುಣ್ಣಕಲ್ಲು, ಅದರ ನಡುವೆ ಚಕಮಕಿ ಕಲ್ಲಿನ ಪದರ. ನೇಗಿಲು ಇಳಿಯಲಿಲ್ಲ, ಹುಲ್ಲು ಉಳಿಯಿತು, ದನ ಬಂದವು. ಅದೇ ಸುಣ್ಣಕಲ್ಲಲ್ಲಿ ಕೋರ್ಟ್, ಮನೆ, ಕೊಟ್ಟಿಗೆ, ಶಾಲೆ, ಬೇಲಿ ಎಲ್ಲ ಕಟ್ಟಿದರು. ನಮ್ಮ ಮಾವ ಕಲಬುರಗಿ ಕಡೆಯವರು. ಗೋಡೆ ಮುಟ್ಟಿ ನೋಡಿ, ನಮ್ಮ ಶಹಾಬಾದ್ ಕಲ್ಲಿನ ಮನೆಗಳ ಹಾಗೇ ಇದೆಯಲ್ಲಪ್ಪ ಅಂದರು. ಅದೂ ಸುಣ್ಣಕಲ್ಲೇ, ಹಾಗಾಗಿ ಅವರು ಹೇಳಿದ್ದು ಸರಿ.

ಇನ್ನೊಂದು ವಿಶೇಷ: ಈ ಜಾಗದ ಹೆಚ್ಚಿನ ಭೂಮಿ ಸರ್ಕಾರದ್ದಲ್ಲ. ಸರ್ಕಾರ ದೊಡ್ಡ ಜಮೀನು ತೆಗೆದುಕೊಳ್ಳೋದಕ್ಕೆ ಇಲ್ಲಿ ವರ್ಷಗಟ್ಟಲೆ ವಿರೋಧ ಇತ್ತು. ಕೊನೆಗೆ 1996ರ ಕಾನೂನಿನಲ್ಲಿ ನ್ಯಾಷನಲ್ ಪಾರ್ಕ್ ಸರ್ವಿಸ್ 180 ಎಕರೆಗಿಂತ ಜಾಸ್ತಿ ಹೊಂದುವಂತಿಲ್ಲ ಅಂತ ಬರೆದರು. ಉಳಿದದ್ದು ಈಗ ಬಹುಪಾಲು ನೇಚರ್ ಕನ್ಸರ್ವೆನ್ಸಿ ಸಂಸ್ಥೆಯದ್ದು, ಇಬ್ಬರೂ ಸೇರಿ ನೋಡಿಕೊಳ್ತಾರೆ. ಊರಿನವರ ಆತಂಕಕ್ಕೂ ಜಾಗ ಇಟ್ಟು ಮಾಡಿದ ಒಪ್ಪಂದ ಇದು, ನನಗೆ ಬಹಳ ಹಿಡಿಸಿತು.

ಒಳಗೆ ಸ್ಪ್ರಿಂಗ್ ಹಿಲ್ ರ್‍ಯಾಂಚ್. ಸ್ಟೀಫನ್ ಜೋನ್ಸ್ ಎಂಬ ಜಾನುವಾರು ಸಾಹುಕಾರ 1881ರಲ್ಲಿ ಕಟ್ಟಿಸಿದ 11 ಕೋಣೆಯ ಕಲ್ಲಿನ ಮನೆ, ಹಿಂದೆ ಮೂರಂತಸ್ತಿನ ಕಲ್ಲಿನ ಕೊಟ್ಟಿಗೆ. ಮನೆಗಿಂತ ಕೊಟ್ಟಿಗೆಗೆ ಹೆಚ್ಚು ಹೊತ್ತು ಇಡಿ. 110 ಅಡಿ ಉದ್ದ, 60 ಅಡಿ ಅಗಲ, ಗುಡ್ಡದ ಇಳಿಜಾರಿಗೆ ಒರಗಿಸಿ ಕಟ್ಟಿದ್ದು. ಕೆಳಗೆ ಜಾನುವಾರು, ಮೇಲೆ ಹುಲ್ಲು, ಗಾಡಿ ಮೇಲಕ್ಕೇ ಬರಲಿ ಅಂತ ಕಲ್ಲಿನ ಇಳಿಜಾರು ದಾರಿ. ಒಳಗೆ ತಂಪು. ಗೋಡೆಯ ಹತ್ತಿರ ನಿಂತು ಪಕ್ಕದಿಂದ ಬೆಳಕು ಬೀಳುವಾಗ ನೋಡಿ, ಕಲ್ಲುಕುಟಿಗರ ಉಳಿಯ ಗೆರೆಗಳು ಸಾಲಾಗಿ ಕಾಣುತ್ತವೆ, ಒಂದು ಕಲ್ಲಿನ ಗೆರೆ ಓರೆ, ಇನ್ನೊಂದರದ್ದು ನೆಟ್ಟಗೆ. ಮನೆಯ ಒಳಗಿನ ಪ್ರವೇಶ ಆಗಾಗ ದುರಸ್ತಿಗೆ ನಿಲ್ಲುತ್ತದೆ, ಹೊರಡುವ ಮುನ್ನ ಪಾರ್ಕ್‌ನ ಪುಟದಲ್ಲಿ ನೋಡಿಕೊಳ್ಳಿ.

ಮೊದಲೇ ಹೇಳಿದ ಒಂದು ಕೋಣೆಯ ಶಾಲೆ, ಲೋವರ್ ಫಾಕ್ಸ್ ಕ್ರೀಕ್ ಶಾಲೆ, ಗುಡ್ಡದ ಮೇಲೆ ಒಂಟಿಯಾಗಿ ನಿಂತಿದೆ. ಜಾಗ ಕೊಟ್ಟಿದ್ದು ಇದೇ ಜೋನ್ಸ್. 1882ರಲ್ಲಿ ಕಟ್ಟಿದರು, 1884ರಿಂದ 1930ರ ತನಕ ಪಾಠ ನಡೆಯಿತು. ಒಂದೇ ಕೋಣೆ, ಎಲ್ಲ ತರಗತಿಗೂ ಒಬ್ಬರೇ ಟೀಚರ್. ನಮ್ಮ ಮಗಳು ಆ ಮರದ ಡೆಸ್ಕ್‌ನಲ್ಲಿ ಕೂತವಳು ಏಳೋಕೇ ತಯಾರಿರಲಿಲ್ಲ.

ಬೈಸನ್, ಅಂದರೆ ಅಮೆರಿಕದ ಕಾಡುದನ, ನೋಡಬೇಕಾದರೆ ನಡೆಯಬೇಕು. 2009ರಲ್ಲಿ ಸೌತ್ ಡಕೋಟಾದಿಂದ 13 ಬೈಸನ್ ತಂದು ಬಿಟ್ಟರು, ಈಗ ದೊಡ್ಡ ಹಿಂಡೇ ಇದೆ. ಕನಿಷ್ಠ 100 ಗಜ ದೂರ ಇರಿ, ಶಾಂತವಾಗಿ ಕಂಡರೂ ನಂಬಬೇಡಿ. ಅವು ಮೇಯುವ ಭಾಗಕ್ಕೆ ನಾಯಿ ಕರೆದುಕೊಂಡು ಹೋಗುವಂತಿಲ್ಲ. ನೆರಳು ಅನ್ನೋದೇ ಇಲ್ಲ, ಗಾಳಿ ಜೋರು. ಟೋಪಿ, ನೀರು, ಉದ್ದ ಪ್ಯಾಂಟ್ ಬೇಕೇ ಬೇಕು. ಉಣ್ಣಿ ಇರುತ್ತವೆ, ವಾಪಸ್ ಬಂದ ಮೇಲೆ ಮಕ್ಕಳ ಕಿವಿ ಹಿಂದೆ, ಮೊಣಕಾಲ ಸಂದಿ ನೋಡಿ. ನಡೆಯಲಾಗದ ಹಿರಿಯರಿದ್ದರೆ ಸೀಸನ್‌ನಲ್ಲಿ ಬಸ್ ಟೂರ್ ಇದೆಯಾ ಅಂತ ವಿಚಾರಿಸಿ.

ಸಮಯ ಉಳಿದರೆ ಯುಎಸ್-50ರಲ್ಲಿ ಪಶ್ಚಿಮಕ್ಕೆ ಕ್ಲೆಮೆಂಟ್ಸ್ ಹತ್ತಿರದ ಕಲ್ಲಿನ ಸೇತುವೆ ನೋಡಿ, ಕಾಟನ್‌ವುಡ್ ನದಿ ಮೇಲೆ ಎರಡು ಕಮಾನು, 1880ರ ದಶಕದ್ದು. ಈಗ ವಾಹನ ಬಿಡಲ್ಲ, ನಡೆದು ದಾಟಬಹುದು. ಜಲ್ಲಿ ರಸ್ತೆ, ಮಳೆ ಬಂದಿದ್ದರೆ ಹೋಗಬೇಡಿ. ಬಜಾರ್ ಊರಿನ ಹತ್ತಿರ 1931ರ ವಿಮಾನ ಅಪಘಾತದಲ್ಲಿ ಅಮೆರಿಕನ್ ಫುಟ್‌ಬಾಲ್ ಕೋಚ್ ನೂಟ್ ರಾಕ್ನಿ ಸೇರಿ ಎಂಟು ಜನ ತೀರಿಕೊಂಡ ಜಾಗವಿದೆ. ಅದು ಖಾಸಗಿ ಜಮೀನಿನೊಳಗಿದೆ, ಅನುಮತಿ ಇಲ್ಲದೆ ಹೋಗುವಂತಿಲ್ಲ.

ಯಾವಾಗ ಹೋಗೋದು? ಸೆಪ್ಟೆಂಬರ್ ಕೊನೆ, ಅಕ್ಟೋಬರ್ ನನ್ನ ಆಯ್ಕೆ. ಹುಲ್ಲು ಆಳೆತ್ತರ ಇರುತ್ತದೆ, ಬಣ್ಣ ತಾಮ್ರ. ಮಾರ್ಚ್, ಏಪ್ರಿಲ್‌ನಲ್ಲಿ ಹುಲ್ಲಿಗೆ ಬೆಂಕಿ ಹಾಕ್ತಾರೆ, ಹೊಸ ಹುಲ್ಲು ಚಿಗುರಲಿ, ಮರಗಿಡ ಹಬ್ಬದಿರಲಿ ಅಂತ. ರಾತ್ರಿ ಗುಡ್ಡದ ಮೇಲೆ ಬೆಂಕಿಯ ಸಾಲು ನೋಡೋಕೆ ಅದ್ಭುತ, ಆದರೆ ಅಸ್ತಮಾ ಇರುವವರಿಗೆ ಆ ಹೊಗೆ ಬೇಡ. ಜುಲೈ, ಆಗಸ್ಟ್ ಬಿಸಿಲು ವಿಪರೀತ. ಜೂನ್ ಮೊದಲ ವಾರಾಂತ್ಯ ಸ್ಟ್ರಾಂಗ್ ಸಿಟಿಯಲ್ಲಿ ಫ್ಲಿಂಟ್ ಹಿಲ್ಸ್ ರೋಡಿಯೋ (ಕುದುರೆ, ಗೂಳಿ ಸವಾರಿಯ ಸ್ಪರ್ಧೆ), 1938ರಿಂದ ನಡೆದು ಬಂದದ್ದು. ಆಗ ಹೋಗುವುದಾದರೆ ಕೋಣೆ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಿ, ಎಂಪೋರಿಯಾದಲ್ಲೂ.