ಸಾಲ ವಾಪಸ್ ಯಾವಾಗ ಕೊಡೋದು, ಮಿಸ್?

ಮೂವತ್ತೆರಡರಲ್ಲಿ ಹದಿನೇಳು ಕಳೆದರೆ ಇಪ್ಪತ್ತೈದು ಅಂತ ಬರೆದಿದ್ದಳು ಇಲ್ಲಿ ಇಂಗ್ಲೆಂಡಿನ ನನ್ನ ಪ್ರೈಮರಿ ಕ್ಲಾಸಿನ ಹುಡುಗಿ. ಏಳರಿಂದ ಎರಡು ಕಳೆದು ಐದು, ಮೂರರಿಂದ ಒಂದು ಕಳೆದು ಎರಡು. ದೊಡ್ಡದರಿಂದ ಚಿಕ್ಕದು ಕಳೆದರೆ ಮುಗೀತು, ಅಲ್ವಾ?

"ಎರಡರಲ್ಲಿ ಏಳು ಹೋಗಲ್ಲ ಪುಟ್ಟಾ, ಪಕ್ಕದ ಮನೆಯಿಂದ ಒಂದು ಸಾಲ ತಗೋ" ಅಂದೆ. ನಾನು ಕಲಿತದ್ದೂ ಹಾಗೇ. ಅವಳು ಪೆನ್ಸಿಲ್ ಕಚ್ಚುತ್ತಾ ಯೋಚಿಸಿ ಕೇಳಿದಳು: "ವಾಪಸ್ ಯಾವಾಗ ಕೊಡೋದು, ಮಿಸ್?"

ಹನ್ನೊಂದು ವರ್ಷ ಕೊಡಗಿನ ಸೋಮವಾರಪೇಟೆ ಕಡೆ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳು ನಾನು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಂಗ್ಲೆಂಡಿಗೆ ಬಂದದ್ದು ಹೈಸ್ಕೂಲ್ ಟೀಚರ್ ಅನ್ನೋ ಕಾಗದ ಹಿಡಿದೇ. 2023ರ ಫೆಬ್ರವರಿಯಿಂದ ಭಾರತದ ಶಿಕ್ಷಕರೂ ಇಲ್ಲಿನ ಅರ್ಹತೆಗೆ ನೇರವಾಗಿ ಅರ್ಜಿ ಹಾಕಬಹುದು. ಆದರೆ 11ರಿಂದ 16 ವಯಸ್ಸಿನ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವವರಾಗಿರಬೇಕು. ತಮಾಷೆ ಏನಂದ್ರೆ, ಅರ್ಹತೆ ಸಿಕ್ಕ ಮೇಲೆ ಅದರಲ್ಲಿ ಪ್ರೈಮರಿ, ಹೈಸ್ಕೂಲು ಅನ್ನೋ ಗೆರೆಯೇ ಇಲ್ಲ. ಮನೆ ಹತ್ತಿರ ಪ್ರೈಮರಿ ಕೆಲಸ ಸಿಕ್ಕಿತು, ಸೇರಿಕೊಂಡೆ. ಈಗ ಗಣಿತದ ಜೊತೆ ಚಿತ್ರಕಲೆ, ಆಟ, ರೋಮನ್ನರ ಇತಿಹಾಸ ಎಲ್ಲವೂ ನನ್ನದೇ ತಲೆಗೆ. ಶೂ ಲೇಸ್ ಕಟ್ಟೋದೂ.

ಊರಿಗೆ ಫೋನ್ ಮಾಡಿದಾಗ ಮಾವ ಕೇಳಿದ್ದು ಒಂದೇ. "ಹೈಸ್ಕೂಲಿಂದ ಪ್ರೈಮರಿಗಾ? ಅಷ್ಟು ದೂರ ಹೋಗಿ ಹಿಂಬಡ್ತಿನಾ?" ಅವರನ್ನು ಬೈಯೋಕೆ ನನಗೇನು ಹಕ್ಕಿದೆ? ನಾನೂ ಹಾಗೇ ಅಂದುಕೊಂಡಿದ್ದವಳೇ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಇದೇ ತಪ್ಪು ಮಾಡಿದಾಗ ಸ್ಟಾಫ್ ರೂಮಿನಲ್ಲಿ "ಪ್ರೈಮರಿಯಲ್ಲಿ ಏನು ಕಲಿಸಿ ಕಳಿಸ್ತಾರೋ" ಅಂತ ದೊಡ್ಡದಾಗಿ ಹೇಳಿದ್ದೆ. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಒಂದರಿಂದ ಐದನೇ ಕ್ಲಾಸಿಗೆ ಬಿಎಡ್ ಸಾಲದು, ಡಿಎಡ್ ತರಬೇತಿಯೇ ಬೇಕು ಅಂದಾಗ ನಮ್ಮ ಬಿಎಡ್ ಬಳಗಕ್ಕೆಲ್ಲ ಸಿಟ್ಟು ಬಂದಿತ್ತು. ಚಿಕ್ಕ ಮಕ್ಕಳಿಗೆ ಕಲಿಸೋಕೆ ನಾವು ಸಾಲದವರಾ ಅಂತ. ಈಗ ಅನಿಸುತ್ತೆ, ನಾನಂತೂ ಸಾಲುತ್ತಿರಲಿಲ್ಲ.

ನಮ್ಮ ಕಾಂಪೌಂಡಿನಲ್ಲೇ ಪ್ರೈಮರಿ ಶಾಲೆ ಇತ್ತು. ಅಲ್ಲಿನ ನಲಿ-ಕಲಿ ಕೋಣೆಯಲ್ಲಿ ಒಂದು, ಎರಡು, ಮೂರನೇ ಕ್ಲಾಸು ಒಟ್ಟಿಗೇ, ಟೀಚರ್ ಒಬ್ಬರೇ. ಕಾಫಿ ಎಸ್ಟೇಟ್ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಮಕ್ಕಳು. ಒಬ್ಬನ ಮನೆಯಲ್ಲಿ ಮಲಯಾಳ, ಇನ್ನೊಬ್ಬಳದ್ದು ತಮಿಳು, ಮತ್ತೊಬ್ಬನದ್ದು ಯರವ ಭಾಷೆ. ಜುಲೈ ಮಳೆಗೆ ಶೀಟಿನ ಮೇಲಿನ ಸದ್ದಿನಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ. ಆ ಟೀಚರ್ ಬೆಂಚಿನಿಂದ ಬೆಂಚಿಗೆ ಹೋಗಿ ಕಿವಿ ಹತ್ತಿರ ಬಗ್ಗಿ ಹೇಳಿಕೊಡುತ್ತಿದ್ದರು. ಅವರ ಬ್ಯಾಗಿನಲ್ಲಿ ಯಾವಾಗಲೂ ತೆಂಗಿನ ಕಡ್ಡಿಗಳು, ಹತ್ತತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳು. ಅದನ್ನು ನೋಡಿ ಒಳಗೊಳಗೇ ನಕ್ಕಿದ್ದೆ.

ಭಾನುವಾರ ಅವರಿಗೇ ಫೋನ್ ಮಾಡಿದೆ. ಹುಡುಗಿಯ ಪ್ರಶ್ನೆ ಹೇಳಿದೆ. ಜೋರಾಗಿ ನಕ್ಕರು.

"ಸಾಲ ಯಾಕೆ ಹೇಳ್ಕೊಡ್ತೀರಿ ಮೇಡಂ? ಯಾರೂ ಸಾಲ ತಗೊಳ್ತಿಲ್ಲ ಅಲ್ಲಿ. ಹತ್ತರ ಕಟ್ಟು ಬಿಚ್ಚಿ ಅನ್ನಿ, ಅಷ್ಟೇ."

ಇಲ್ಲಿನ ಪಾಠದ ಟಿಪ್ಪಣಿಯಲ್ಲೂ ಸಾಲ ಅನ್ನೋ ಮಾತಿಲ್ಲ, ಒಂದು ಹತ್ತನ್ನು ಹತ್ತು ಬಿಡಿಗೆ ಬದಲಾಯಿಸಿ ಅಂತಲೇ ಇದೆ. ನಾನು ಓದಿರಲಿಲ್ಲ, ಗಣಿತ ಗೊತ್ತಿದೆಯಲ್ಲ ಅಂತ. ಆಮೇಲೆ ಅವರು ಈ ಸಲದ ಮಳೆ, ಕಾಫಿ ರೇಟು, ಶಾಲೆಗೆ ಹೊಸದಾಗಿ ಸೇರಿದ ನಾಲ್ಕೇ ಮಕ್ಕಳ ಬಗ್ಗೆ ಮಾತಾಡಿದರು.

ಸೋಮವಾರ ಐಸ್ ಕ್ಯಾಂಡಿ ಕಡ್ಡಿ, ರಬ್ಬರ್ ಬ್ಯಾಂಡ್ ತಗೊಂಡು ಹೋದೆ. ಮೂರು ಕಟ್ಟು, ಎರಡು ಬಿಡಿ ಕಡ್ಡಿ. ಹುಡುಗಿ ಒಂದು ಕಟ್ಟು ಬಿಚ್ಚಿದಳು, ಬೆರಳಿಟ್ಟು ಎಣಿಸಿದಳು, ಮತ್ತೊಮ್ಮೆ ಎಣಿಸಿದಳು.

"ಇದರಲ್ಲಿ ಒಂಬತ್ತೇ ಇದೆ, ಮಿಸ್."

ಇಬ್ಬರೂ ಮೇಜಿನ ಕೆಳಗೆ ಬಗ್ಗಿ ಹುಡುಕಿದೆವು.