ರಾತ್ರಿಯ ಬಾಟಲಿ ಬಿಡಿಸುವುದು

ಹಾಸನದ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ನಲಿಕಲಿ ತರಗತಿಯ ಮೇಷ್ಟ್ರು ನಾನು. ಪ್ರತಿ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರುವ ಮಕ್ಕಳಲ್ಲಿ ಕೆಲವರು ಬಾಯಿಬಿಟ್ಟು ನಕ್ಕರೆ ಮೇಲಿನ ಮುಂದಿನ ನಾಲ್ಕು ಹಲ್ಲು ಕರ್ರಗೆ ಮೊಂಡಾಗಿರುತ್ತವೆ. ಕೆಳಗಿನ ಹಲ್ಲು ಮಾತ್ರ ಬೆಳ್ಳಗೆ ನೆಟ್ಟಗಿರುತ್ತವೆ. ಇದೇಕೆ ಹೀಗೆ ಎಂದು ಮೊದಲು ಬಿಡಿಸಿ ಹೇಳಿದವಳು ನನ್ನ ಹೆಂಡತಿ. ಅವಳು ಸ್ಟಾಫ್ ನರ್ಸ್. ಬಾಟಲಿ ಕಚ್ಚಿಕೊಂಡೇ ನಿದ್ದೆ ಹೋದ ಮಗುವಿನ ಬಾಯಲ್ಲಿ ಹಾಲು ಹಾಗೇ ನಿಲ್ಲುತ್ತದೆ. ನಿದ್ದೆಯಲ್ಲಿ ಜೊಲ್ಲು ಊರುವುದು ಕಡಿಮೆ, ತೊಳೆದು ಹೋಗುವುದಿಲ್ಲ. ಕೆಳಗಿನ ಹಲ್ಲಿಗೆ ನಾಲಿಗೆ ಅಡ್ಡ ಇರುತ್ತದೆ, ಮೇಲಿನದಕ್ಕೆ ಏನೂ ಇಲ್ಲ. ಹಾಲಿಗೆ ಸಕ್ಕರೆಯನ್ನೂ ಹಾಕಿದ್ದರಂತೂ ಕೇಳುವುದೇ ಬೇಡ. ವಸಡಿನ ಅಂಚಿನಲ್ಲಿ ಸುಣ್ಣ ಎಳೆದ ಹಾಗೆ ಬಿಳಿ ಗೆರೆ ಕಂಡರೆ ಹುಳುಕು ಶುರುವಾಗಿದೆ ಎಂದೇ ಲೆಕ್ಕ.

ನಮ್ಮ ಮನೆಗೂ ಬಾಟಲಿ ಬಂದಿತ್ತು. ಹೆರಿಗೆ ರಜೆ ಮುಗಿಸಿ ಅವಳು ಮತ್ತೆ ಡ್ಯೂಟಿಗೆ ಹೋಗಲೇಬೇಕಿತ್ತು. ಅವಳದು ನೈಟ್ ಶಿಫ್ಟ್ ಇದ್ದ ವಾರ ಮಗಳನ್ನು ಮಲಗಿಸುವ ಕೆಲಸ ನನ್ನದು. ಹಾಗಾಗಿ ಇದು ಪುಸ್ತಕ ಓದಿ ಹೇಳುವ ಮಾತಲ್ಲ, ರಾತ್ರಿ ಎರಡು ಗಂಟೆಗೆ ಮಗು ಎತ್ತಿಕೊಂಡು ಓಡಾಡಿದ ಅಪ್ಪನ ಮಾತು.

ಯಾವಾಗ ಬಿಡಿಸಬೇಕು? ಆರು ತಿಂಗಳಿಗೆ ಗಟ್ಟಿ ಆಹಾರ ಶುರುವಾದಾಗಲೇ ಕೈಗೆ ಲೋಟ ಕೊಡಿ. ವರ್ಷ ತುಂಬುತ್ತಿದ್ದಂತೆ ಬಾಟಲಿ ಕಡಿಮೆ ಮಾಡುತ್ತಾ ಬನ್ನಿ, ಒಂದೂವರೆ ವರ್ಷದೊಳಗೆ ಪೂರ್ತಿ ನಿಲ್ಲಿಸಿ. ಎರಡು ದಾಟಿದ ಮೇಲೆ ಮಗುವಿಗೆ ಹಟ ಗೊತ್ತಾಗಿರುತ್ತದೆ, ಬಾಟಲಿ ಎಲ್ಲಿಟ್ಟಿದ್ದೀರಿ ಅನ್ನುವುದೂ ಗೊತ್ತಾಗಿರುತ್ತದೆ. ಆದರೆ ಜ್ವರ, ಭೇದಿ ಇದ್ದಾಗ, ಮನೆ ಬದಲಾಯಿಸುವಾಗ, ಇನ್ನೊಂದು ಮಗು ಹುಟ್ಟುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ನಮ್ಮಮ್ಮನಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. "ಊಟ ಸರಿಯಾಗಿ ಮಾಡಲ್ಲ ಕಣೋ, ಹಾಲೂ ಬಿಡಿಸಿಬಿಟ್ರೆ ಕೂಸು ಬಡಕಲಾಗಲ್ವಾ?" ಎಂದರು. ಹೆಂಡತಿ ಸಮಾಧಾನವಾಗಿ, "ಅತ್ತೆ, ಹಾಲು ಬಿಡಿಸ್ತಿಲ್ಲ, ಬಾಟಲಿ ಬಿಡಿಸ್ತಿದೀವಿ. ಹೊಟ್ಟೆ ತುಂಬಾ ಹಾಲೇ ಇದ್ರೆ ಮುದ್ದೆಗೆ ಜಾಗ ಎಲ್ಲಿರುತ್ತೆ?" ಎಂದಳು. ನಿಜಕ್ಕೂ ವಿಷಯ ಇರುವುದು ಅಲ್ಲಿಯೇ. ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಅದರಲ್ಲಿರುವ ಕ್ಯಾಲ್ಸಿಯಂ ಬೇರೆ ಆಹಾರದ ಕಬ್ಬಿಣವೂ ಮೈಗೆ ಹತ್ತದಂತೆ ಮಾಡುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67ರಷ್ಟು ಮಂದಿಗೆ ರಕ್ತಹೀನತೆ ಎಂದಿದೆ. ಅದಕ್ಕೆ ಕಾರಣ ಹಲವು, ಬಾಟಲಿಯೊಂದೇ ಅಲ್ಲ. ಆದರೂ ದಿನವಿಡೀ ಹಾಲು ಹೀರುತ್ತಾ ಊಟ ಬೇಡವೆನ್ನುವ ಮಗುವಿನ ರಕ್ತದ ಬಗ್ಗೆ ಯೋಚಿಸಲೇಬೇಕು. ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಬೇಡ. ಬೆಳಿಗ್ಗೆ ಗೇಟಿಗೆ ನೇತುಹಾಕಿ ಹೋಗುತ್ತಾರಲ್ಲ, ಒಂದು ಅರ್ಧ ಲೀಟರ್ ನಂದಿನಿ ಪ್ಯಾಕೆಟ್, ಅಷ್ಟೇ ಮೇಲಿನ ಮಿತಿ. ಮೊಸರೂ ಆ ಲೆಕ್ಕದೊಳಗೇ ಬರುತ್ತದೆ.

ಹಗಲಿನ ಬಾಟಲಿ ಬಿಡಿಸುವುದು ಕಷ್ಟವೇನಲ್ಲ. ಹನ್ನೊಂದು ಗಂಟೆಯದರ ಬದಲು ಏಲಕ್ಕಿ ಬಾಳೆಹಣ್ಣು, ಸಂಜೆಯದರ ಬದಲು ತುಪ್ಪ ಸವರಿದ ಇಡ್ಲಿ ಚೂರು. ಬೆಳಗಿನ ಹಾಲು ಸ್ಟೀಲ್ ಲೋಟದಲ್ಲಿ. ಲೋಟ ಚಿಕ್ಕದಿರಲಿ, ಮಗುವಿನ ಎರಡು ಅಂಗೈಯೊಳಗೆ ಹಿಡಿಸುವಷ್ಟು. ಮೊದಮೊದಲು ತಳದಲ್ಲಿ ಒಂದು ಗುಟುಕು ಮಾತ್ರ ಹಾಕಿ. ನನ್ನ ಮಗಳು ಅಂಚನ್ನು ಕಚ್ಚುತ್ತಿದ್ದಳು, ಒಳಗೆ ಬೆರಳದ್ದಿ ನೋಡುತ್ತಿದ್ದಳು, ಅರ್ಧ ಎದೆ ಮೇಲೆ ಸುರಿದುಕೊಳ್ಳುತ್ತಿದ್ದಳು. ಬೈಯದೆ ಒರೆಸುತ್ತಿದ್ದೆವು. ಮೂತಿ ಇರುವ ಸಿಪ್ಪರ್ ಕೊಳ್ಳಲಿಲ್ಲ. ಅದನ್ನೂ ಮಗು ಚೀಪುತ್ತಲೇ ಇರುತ್ತದೆ, ಆಮೇಲೆ ಅದನ್ನು ಬಿಡಿಸುವುದು ಇನ್ನೊಂದು ಕೆಲಸ.

ರಾತ್ರಿಯದೇ ಕಷ್ಟ. ಮಗುವಿಗೆ ಅಲ್ಲಿ ಬೇಕಿರುವುದು ಹಾಲಲ್ಲ, ನಿದ್ದೆಗೆ ಜಾರುವ ದಾರಿ. ಆ ದಾರಿ ಬದಲಾಯಿಸದೆ ಬಾಟಲಿ ಮಾತ್ರ ಕಿತ್ತುಕೊಂಡರೆ ಅದು ಅಳದೆ ಇನ್ನೇನು ಮಾಡೀತು? ಏಳೂವರೆಗೆ ಮೆತ್ತಗೆ ಕಲಸಿದ ಅನ್ನ, ಬೇಳೆ, ಸೊಪ್ಪು. ಆಮೇಲೆ ಲೋಟದಲ್ಲಿ ಸ್ವಲ್ಪ ಹಾಲು, ಅದನ್ನು ಅಡುಗೆಮನೆಯಲ್ಲೇ ಕುಡಿಸುವುದು, ಹಾಸಿಗೆಯಲ್ಲಿ ಅಲ್ಲ. ಹಲ್ಲುಜ್ಜಿದ ಮೇಲೆ ನೀರು ಬಿಟ್ಟರೆ ಬೇರೇನಿಲ್ಲ. ಈ ಕ್ರಮಕ್ಕೆ ಬರುವ ತನಕ ಹಾಸಿಗೆಯ ಬಾಟಲಿಗೆ ದಿನೇದಿನೇ ಹಾಲು ಕಡಿಮೆ, ನೀರು ಜಾಸ್ತಿ ಮಾಡುತ್ತಾ ಹೋದೆವು. (ಇದು ವರ್ಷ ದಾಟಿ ಊಟ ಮಾಡುವ ಮಗುವಿಗೆ ಮಾತ್ರ. ಎಳೆಗೂಸಿನ ಪುಡಿ ಹಾಲಿಗೆ ಹೆಚ್ಚು ನೀರು ಬೆರೆಸುವುದು ಅಪಾಯ.) ಬರೀ ನೀರಾದ ಮೇಲೆ ಅವಳಿಗೇ ಅದರ ಮೇಲಿನ ಆಸೆ ಕಡಿಮೆಯಾಯಿತು. ನಡುರಾತ್ರಿ ಎದ್ದು ಅತ್ತಾಗ ಎತ್ತಿಕೊಂಡೆ, ಬೆನ್ನು ತಟ್ಟಿದೆ, ಮಗ್ಗಿ ಹೇಳಿದೆ. ನನಗೆ ಲಾಲಿ ಹಾಡಲು ಬರುವುದಿಲ್ಲ. ಎರಡರ ಮಗ್ಗಿ ರಾಗವಾಗಿ ಹೇಳಿದರೆ ಅವಳಿಗೆ ಸಾಕಾಗುತ್ತಿತ್ತು.

ನಿಪ್ಪಲ್‌ಗೆ ಬೇವು ಅರೆದು ಹಚ್ಚಿ ಎಂದವರಿದ್ದಾರೆ. ಗುಮ್ಮ ಬಂದು ಬಾಟಲಿ ತಗೊಂಡು ಹೋಯಿತು ಎಂದು ಹೇಳಿ ಎಂದವರೂ ಇದ್ದಾರೆ. ನನಗೆ ಎರಡೂ ಹಿಡಿಸುವುದಿಲ್ಲ. ಇಷ್ಟು ದಿನ ನಾವೇ ಕೈಗಿಟ್ಟು ಸಮಾಧಾನ ಮಾಡಿದ ವಸ್ತುವನ್ನು ಒಂದೇ ರಾತ್ರಿಯಲ್ಲಿ ಕಹಿ ಮಾಡುವುದು ಮಗುವಿಗೆ ಮಾಡುವ ಮೋಸ. ನಿಪ್ಪಲ್‌ನ ತುದಿ ಕತ್ತರಿಸುವುದಂತೂ ಬೇಡವೇ ಬೇಡ, ತುಂಡು ಗಂಟಲಿಗೆ ಸಿಕ್ಕಿಕೊಂಡೀತು.

ನಿಜ ಹೇಳಬೇಕೆಂದರೆ ಬಾಟಲಿಯನ್ನು ತರಲೇಬೇಕೆಂದೂ ಇಲ್ಲ. ನಮ್ಮಲ್ಲಿ ಒಳಲೆ ಇದೆ, ಎಳೆಗೂಸಿಗೆ ಹಾಲು ಹಾಕುವ ಪುಟ್ಟ ಬಟ್ಟಲು. ಮಗಳ ನಾಮಕರಣಕ್ಕೆ ಬಂದ ಬೆಳ್ಳಿ ಒಳಲೆ ಬೀರುವಿನಲ್ಲಿದೆ, ನನಗೆ ಹಾಲು ಹಾಕಿದ ಹಳೆಯ ಒಳಲೆಯೂ ಅಮ್ಮನ ಹತ್ತಿರ ಇದೆ. ಒಳಗೆ ಸಂದುಗೊಂದು ಇಲ್ಲ. ತೊಳೆದು ಬಿಸಿನೀರಲ್ಲಿ ಕುದಿಸಿದರೆ ಮುಗಿಯಿತು. ನಿಪ್ಪಲ್‌ನ ಒಳಮೈಯಲ್ಲಿ ಒಡೆದ ಹಾಲು ಕಟ್ಟಿಕೊಂಡು ಮಕ್ಕಳಿಗೆ ಭೇದಿ ಹಿಡಿಸುವುದನ್ನು ನನ್ನ ಹೆಂಡತಿ ವಾರ್ಡಿನಲ್ಲಿ ನೋಡುತ್ತಲೇ ಇರುತ್ತಾಳೆ. ನಮ್ಮ ದೇಶದಲ್ಲಿ 1992ರ ಕಾಯ್ದೆಯ ಪ್ರಕಾರ ಹಾಲಿನ ಬಾಟಲಿಗೆ ಜಾಹೀರಾತು ಕೊಡುವಂತೆಯೇ ಇಲ್ಲ. ಆದರೂ ಮಗು ನೋಡಲು ಬರುವವರ ಉಡುಗೊರೆಯಲ್ಲಿ ಅದೊಂದು ಇದ್ದೇ ಇರುತ್ತದೆ.

ಮನೆಮಂದಿಯೆಲ್ಲ ಒಂದೇ ಮಾತಿಗೆ ನಿಲ್ಲಬೇಕು. ಸಕಲೇಶಪುರದ ಮದುವೆಯೊಂದರಲ್ಲಿ ಅಳು ನಿಲ್ಲಿಸಲು ಯಾರದೋ ಬಾಟಲಿ ಮಗಳ ಬಾಯಿ ಹತ್ತಿರ ಬಂದಾಗ, "ಬೇಡಮ್ಮ, ನಮ್ಮ ಕೂಸು ಲೋಟದಲ್ಲಿ ಕುಡಿಯುತ್ತೆ" ಎಂದು ತಡೆದವರು ನಮ್ಮಮ್ಮನೇ. ನಮ್ಮ ಅರ್ಧ ಕೆಲಸ ಅಂದಿಗೇ ಆಯಿತು.

ನಿಮ್ಮ ಮಗುವಿಗೆ ಎರಡೋ ಮೂರೋ ದಾಟಿದ್ದು, ಇನ್ನೂ ಬಾಟಲಿ ಇದೆ, ಮುಖ ಬಿಳಿಚಿಕೊಂಡಿದೆ, ಮಣ್ಣು ಸುಣ್ಣ ತಿನ್ನುತ್ತದೆ ಎಂದಾದರೆ ಮಕ್ಕಳ ಡಾಕ್ಟರ ಹತ್ತಿರ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹಾಗೇ ಮೇಲ್ದುಟಿ ಎತ್ತಿ ಹಲ್ಲನ್ನೂ ಒಮ್ಮೆ ತೋರಿಸಿ.